ಕರಡಿ ಬರುವ ಹೊತ್ತು

ಜ್ವರವನ್ನು ಸರಿಯಾಗಿ ಅನುಭವಿಸಬೇಕಾದರೆ ಮನೆಯಲ್ಲಿ ಕಡಿಮೆಯೆಂದರೂ ಇನ್ನೊಬ್ಬರು ದೊಡ್ಡವರು ಇರಬೇಕು. ಮಲಗಲು ಚಾಪೆ, ಹೊದೆಯಲು ಕಂಬಳಿ, ಕುಡಿಯಲು ಗಂಜಿ ಇವೆಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ಬಾಗಿಲಲ್ಲಿ ನಿಂತು “ಈಗ ಹೇಗುಂಟು?” ಎಂದು ಕೇಳುವ ಒಂದು ಜೀವ. ಅದಿಲ್ಲದಿದ್ದರೆ ಜ್ವರಕ್ಕೆ ಕಳೆಯೇ ಇಲ್ಲ. ನಾನು ಗುಮಾಸ್ತನಾಗಿರುವ ಹಂಚಿನ ಕಾರ್ಖಾನೆಯಲ್ಲಿ ಹೆಡ್ ಗುಮಾಸ್ತರಿಗೆ ವರ್ಷಕ್ಕೊಮ್ಮೆ ಜ್ವರ ಬರುತ್ತದೆ. ವಾಸಿಯಾಗಿ ಕೆಲಸಕ್ಕೆ ಬಂದ ಮೇಲೆ ಅವರು ಅದನ್ನು ವರ್ಣಿಸುವುದನ್ನು ಕೇಳಬೇಕು. ಹೆಂಡತಿ ಕಾಲು ಒತ್ತಿದ್ದು, ತಂಗಿ ಎಳೆ ಮಾವಿನ ಉಪ್ಪಿನಕಾಯಿ ಕಳಿಸಿದ್ದು, ದೊಡ್ಡ ಮಗ ಪತ್ರಿಕೆ ಓದಿ ಹೇಳಿದ್ದು, ನೆರೆಮನೆಯವರು ಚಪ್ಪಲಿ ಬಿಟ್ಟು ಮೆಲ್ಲಗೆ ಒಳಗೆ ಬಂದದ್ದು. ಮದುವೆ ಮುಗಿಸಿ ಬಂದವರಂತೆ ಅವರ ಮುಖ ಅರಳಿರುತ್ತದೆ. ಮೇಜಿನ ಈಚೆ ಕುಳಿತು ಕೇಳುತ್ತ ನಾನು, ನನಗೂ ಒಂದು ಸಲ ಬರಲಿ, ನೋಡಿಕೊಳ್ಳುತ್ತೇನೆ ಎಂದುಕೊಂಡದ್ದುಂಟು. ಬಂತು. ಬಂದಾಗ ಮನೆಯಲ್ಲಿದ್ದವಳು ನನ್ನ ಮಗಳು ಚಂದು ಒಬ್ಬಳೇ. ಅವಳಿಗೆ ನಾಲ್ಕು ದಾಟಿತ್ತು. ಮಲಗಿರುವ ಮನುಷ್ಯನೆಂದರೆ ಹತ್ತಿ ಇಳಿಯುವುದಕ್ಕಾಗಿ ಇಟ್ಟ ವಸ್ತು ಎಂಬುದು ಆ ವಯಸ್ಸಿನ ತಿಳುವಳಿಕೆ.

ಮಗುವನ್ನು ಕಟ್ಟಿಕೊಂಡು ಕಾಯಿಲೆ ಬೀಳುವ ವಿದ್ಯೆ ಎಲ್ಲರಿಗೂ ಬರುವುದಿಲ್ಲ. ನನ್ನ ಹೆಂಡತಿ ಗಿರಿಜೆಗೆ ಅದು ಬರುತ್ತಿತ್ತು. ತಲೆಗೊಂದು ಬೈರಾಸು ಬಿಗಿದು, ಚಂದುವನ್ನು ಸೊಂಟಕ್ಕೇರಿಸಿ, ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತ, “ಇವತ್ತು ಸ್ವಲ್ಪ ಮೈ ಬಿಸಿ ಉಂಟು” ಎನ್ನುತ್ತಿದ್ದಳು. ಹೊರಗೆ ಸ್ವಲ್ಪ ಮೋಡ ಉಂಟು ಎನ್ನುವಷ್ಟೇ ಸಲೀಸಾಗಿ. ನಾನು ಗಾಬರಿಯಾಗಿ ಕಷಾಯಕ್ಕೆ ಕೊತ್ತಂಬರಿ ಹುಡುಕುವಷ್ಟರಲ್ಲಿ ಅವಳು ಒಗೆದ ಬಟ್ಟೆ ಹರವುತ್ತಿದ್ದಳು. ಜ್ವರವೂ ನೋಡಿ ನೋಡಿ, ಇವಳ ಹತ್ತಿರ ತನಗೆ ಮರ್ಯಾದೆ ಇಲ್ಲ ಎಂದು ಹೊರಟುಹೋಗುತ್ತಿತ್ತು. ಎಷ್ಟೋ ಜ್ವರಗಳನ್ನು ಹೀಗೆ ಕಳಿಸಿಕೊಟ್ಟವಳು ಕೊನೆಗೆ ಒಂದು ಜ್ವರದ ಜೊತೆ ತಾನೇ ಹೋದಳು. ಚಂದುವಿಗೆ ಆಗ ಮೂರು ತುಂಬಿರಲಿಲ್ಲ. ಆಮೇಲೆ ನಮ್ಮ ಮನೆಯಲ್ಲಿ ಜ್ವರ ಎಂಬ ಶಬ್ದವನ್ನು ನಾನು ಬಳಸುತ್ತಿರಲಿಲ್ಲ. ಮಗು ಮೊದಮೊದಲು ಅಮ್ಮ ಎಲ್ಲಿ ಎಂದು ಕೇಳುತ್ತಿತ್ತು. ಬರಬರುತ್ತ ಕೇಳುವುದನ್ನು ಬಿಟ್ಟಿತು. ಮರೆತಿದೆ, ಒಳ್ಳೆಯದೇ ಆಯಿತು ಎಂದು ನಾನು ಅಂದುಕೊಂಡೆ. ಒಳ್ಳೆಯದೇ ಆಯಿತು ಎಂದು ಅಂದುಕೊಂಡ ಮೇಲೆ ಬಾವಿಕಟ್ಟೆಗೆ ಹೋಗಿ ಸ್ವಲ್ಪ ಹೊತ್ತು ನಿಂತುಬಂದೆ.

ಇಲ್ಲಿ ನಮ್ಮ ಜನರ ಒಂದು ಪದ್ಧತಿಯನ್ನು ಹೇಳಬೇಕು. ನಾವು ತುಳು ಮಾತಾಡುವವರು, ಅಳಿಯಸಂತಾನದವರು. ನಮ್ಮಲ್ಲಿ ಮನೆ, ಗದ್ದೆ, ಹೆಸರು ಎಲ್ಲ ತಾಯಿಯಿಂದ ಮಗಳಿಗೆ ಇಳಿಯುತ್ತವೆ. ಮಗು ತಾಯಿಯ ಮನೆಗೆ ಸೇರಿದ್ದು. ತಂದೆಯಾದವನು ತನ್ನ ತಾಯಿಯ ಮನೆಗೆ, ಅದಿಲ್ಲದಿದ್ದರೆ ಅಕ್ಕತಂಗಿಯರ ಮನೆಗೆ ಸೇರಿದವನು. ಆ ಲೆಕ್ಕದಲ್ಲಿ ಪಡೀಲಿನ ಬಾಡಿಗೆ ಮನೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದ ನಾನೂ ಚಂದುವೂ ಬೇರೆ ಬೇರೆ ಕುಟುಂಬದವರು. ನಾನು ಬಂಟ್ವಾಳದ ಕಡೆಯ ಒಂದು ಮನೆಗೆ ಸೇರಿದವನು. ಅಲ್ಲಿ ನನ್ನ ಅಕ್ಕನೂ ಅವಳ ಮಕ್ಕಳ ದಂಡೂ ಇದೆ. ಚಂದು ಕಾವೂರಿನ ಮನೆಗೆ ಸೇರಿದವಳು. ಆ ಮನೆಗೆ ಗಿರಿಜೆ ಒಬ್ಬಳೇ ಹೆಣ್ಣು. ಈಗ ಚಂದು ಒಬ್ಬಳೇ. ಆದ್ದರಿಂದ ಗಿರಿಜೆಯ ಕ್ರಿಯೆಗಳೆಲ್ಲ ಮುಗಿದ ಮೇಲೆ ಅತ್ತೆಯವರು ಮೊಮ್ಮಗಳನ್ನು ಕರೆದುಕೊಂಡು ಹೋಗಲು ಗಾಡಿ ತರಿಸಿದ್ದರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ನಾನು ಅಂಗಳದಲ್ಲಿ ನಿಂತು ಗಾಡಿಯ ಚಕ್ರವನ್ನು ನೋಡುತ್ತಿದ್ದೆ. ಅತ್ತೆಯವರು ನನ್ನ ಮುಖ ನೋಡಿ, ಬಾಗಿಲ ಮರೆಯಿಂದ ಮಗನಿಗೆ ಹೇಳುವವರಂತೆ ಹೇಳಿದರು: “ಈಗ ಇರಲಿ. ಆದರೆ ಮಗುವಿಗೋ ಅವರಿಗೋ ಹುಷಾರು ತಪ್ಪಿದರೆ, ಆ ದಿನವೇ ಕಾವೂರಿಗೆ. ಗಂಡಸು ಮಲಗಿದರೆ ಮಗುವನ್ನು ಯಾರು ನೋಡುದು?”

ಅಂದಿನಿಂದ ಪ್ರತಿ ಆದಿತ್ಯವಾರ ಗಿರಿಜೆಯ ಅಣ್ಣ ತ್ಯಾಂಪಣ್ಣ ಭಾವ ಬರತೊಡಗಿದರು. ಬರುವಾಗ ಎಳನೀರಿನ ಬೊಂಡವೋ ಬಾಳೆಗೊನೆಯೋ ಇರುತ್ತಿತ್ತು. ಜೊತೆಗೆ ಎರಡು ಕಣ್ಣುಗಳೂ ಇರುತ್ತಿದ್ದವು. ತುಂಬ ಒಳ್ಳೆಯ ಮನುಷ್ಯ. ನನ್ನ ಮನೆಯ ಮೂಲೆಗಳನ್ನು ನೋಡುವಾಗ ತಾನು ನೋಡುತ್ತಿಲ್ಲವೆಂದು ತೋರಿಸಿಕೊಳ್ಳಲು ಅವರು ಪಡುತ್ತಿದ್ದ ಕಷ್ಟ ನೋಡಿದರೆ ನನಗೇ ಪಾಪ ಅನ್ನಿಸುತ್ತಿತ್ತು. ಊಟ ಮಾಡಿ, ಎಲೆ ಅಡಿಕೆ ಹಾಕಿ, ಚಂದುವಿನ ತೋಳನ್ನು ಸೌತೆಕಾಯಿ ಒತ್ತಿ ನೋಡುವ ಹಾಗೆ ಒತ್ತಿ ನೋಡಿ ಹೊರಡುತ್ತಿದ್ದರು. ಹೀಗೆ ಒಂದು ಮಳೆಗಾಲ ಕಳೆದು ಇನ್ನೊಂದೂ ಮುಗಿಯುತ್ತ ಬಂತು. ನಾನು ಹುಷಾರು ತಪ್ಪಲಿಲ್ಲ. ತಪ್ಪುವ ಅಧಿಕಾರವೇ ನನಗಿರಲಿಲ್ಲ.

ಜ್ವರ ಹಿಡಿದದ್ದು ನವರಾತ್ರಿಯ ಹೊತ್ತಿಗೆ. ನಮ್ಮ ಊರಿನ ಪ್ರಸಿದ್ಧ ಚಳಿಜ್ವರ. ಒಂದು ದಿನ ಬಿಟ್ಟು ಒಂದು ದಿನ ಬರುವ ಜಾತಿಯದು. ಇದರಷ್ಟು ಶಿಸ್ತಿನ ಕಾಯಿಲೆ ಇನ್ನೊಂದಿಲ್ಲ. ಕಾರ್ಖಾನೆಯಲ್ಲಿ ಮಧ್ಯಾಹ್ನದ ಕೂಗು ಆಗಿ ಜನರು ಊಟ ಮುಗಿಸಿ ಮತ್ತೆ ಮಣ್ಣಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ನನ್ನ ಬೆನ್ನಲ್ಲಿ ಚಳಿ ಏಳುತ್ತಿತ್ತು. ಕಾರ್ಖಾನೆಯ ನೌಕರರಲ್ಲಿ ಇಷ್ಟು ಹೊತ್ತು ಪಾಲಿಸುವವರು ಯಾರೂ ಇರಲಿಲ್ಲ. ಅರ್ಧ ದಿನದ ರಜೆ ಕೇಳಿ ಮನೆಗೆ ಬಂದೆ. ಹಗಲು ಚಂದು ಇರುತ್ತಿದ್ದುದು ಪಕ್ಕದ ಮನೆಯ ಪೌಲಿನ್ ಬಾಯಿಯ ಹತ್ತಿರ. ಅವರು ನನ್ನ ಮುಖ ನೋಡಿದವರೇ, “ದೇವಾ, ಎಂತ ಇದು! ಹೋಗಿ ಮಲಗಿ ಮಾರಾಯ್ರೆ,” ಎಂದರು. ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡೆ. “ನಾನಾಗಿ ಎಂತದೂ ಹೇಳುದಿಲ್ಲ. ಆದರೆ ಆ ಕಾವೂರಿನವರು ಎದುರು ನಿಂತು ಕೇಳಿದರೆ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಇಗರ್ಜಿಗೆ ಹೋಗಿ ಪಾಪ ಹೇಳಿಕೊಳ್ಳುವವಳು ನಾನು, ನೀವಲ್ಲ.”

ಪೌಲಿನ್ ಬಾಯಿಯ ಬಾಯಿಗೆ ಬೀಗ ಹಾಕಿದ್ದಾಯಿತು. ಅದೂ ಅರ್ಧ ಬೀಗ. ಇನ್ನು ಉಳಿದದ್ದು ಚಂದು. ನಾಲ್ಕು ವರ್ಷದ ಮಗುವಿನಿಂದ ಕಾಯಿಲೆಯನ್ನು ಮುಚ್ಚಿಡುವುದು ಮೀನಿನ ಬುಟ್ಟಿಯನ್ನು ಬೆಕ್ಕಿನಿಂದ ಮುಚ್ಚಿಟ್ಟ ಹಾಗೆ. ಕಂಬಳಿ ಹೊದ್ದು ಗಡಗಡ ನಡುಗುತ್ತ ಮಲಗಿದ್ದವನ ತಲೆಯ ಹತ್ತಿರ ಬಂದು ಕುಕ್ಕುರುಗಾಲಲ್ಲಿ ಕುಳಿತು, “ಅಪ್ಪ, ಎಂತ ಆಗ್ತಾ ಉಂಟು?” ಎಂದು ಕೇಳಿದಳು. ಅವಳ ತಾಯಿ ಮಲಗಿದ್ದದ್ದು ಅದೇ ಜಾಗದಲ್ಲಿ. ನನ್ನ ಬಾಯಿಗೆ ಬಂದದ್ದು ಒಂದೇ: “ಕರಡಿ ಆಟ ಮಗಾ. ನಾನು ಕರಡಿ.” ಹಲ್ಲು ಕಟಕಟ ಹೊಡೆದುಕೊಳ್ಳುತ್ತಿದ್ದುದರಿಂದ ಮಾತು ನಂಬುವ ಹಾಗೆಯೇ ಬಂತು. ಚಂದು ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಕೈ ತಟ್ಟಿ ಕುಣಿದಳು.

ಒಂದು ಸುಳ್ಳು ಹೇಳಿದರೆ ಅದನ್ನು ಸಾಕಬೇಕಾಗುತ್ತದೆ. ಮಾರನೆಯ ದಿನ ನನಗೆ ಜ್ವರವಿಲ್ಲ; ಕೆಲಸ ಮುಗಿಸಿ ಮನೆಗೆ ಬಂದರೆ ಇವಳು ಕಂಬಳಿ ಹಿಡಿದು ಕಾಯುತ್ತಿದ್ದಾಳೆ. “ಇವತ್ತು ಕರಡಿ ಯಾಕೆ ಬರ್ಲಿಲ್ಲ?” ಕರಡಿಗೆ ಇವತ್ತು ರಜೆ ಎಂದೆ. ಅದರ ಮರುದಿನ ಮತ್ತೆ ಅರ್ಧ ದಿನಕ್ಕೆ ಬಂದಾಗ, ನಮ್ಮ ಜಗಲಿಯಲ್ಲಿ ಪೌಲಿನ್ ಬಾಯಿಯ ಎರಡು ಮಕ್ಕಳೂ ಅವರ ನಾಯಿಯೂ ಸಾಲಾಗಿ ಕುಳಿತಿದ್ದವು. ಚಂದು ಅವರಿಗೆ ಕರಡಿ ತೋರಿಸುವುದಾಗಿ ಮಾತು ಕೊಟ್ಟಿದ್ದಳು. ನೂರೆರಡೋ ನೂರಮೂರೋ ಡಿಗ್ರಿ ಕಾಯಿಸಿಕೊಂಡು ಪರರ ಮಕ್ಕಳನ್ನು ರಂಜಿಸಿದ ಕಲಾವಿದರು ಬೇರೆ ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ. ಆಟ ಚೆನ್ನಾಗಿತ್ತೆಂದು ಮಕ್ಕಳು ಒಪ್ಪಿದರು. ನಾಯಿ ಮಾತ್ರ ಅರ್ಧದಲ್ಲೇ ಎದ್ದುಹೋಯಿತು.

ಆದರೆ ಈ ಆಟದಲ್ಲಿ ಮೋಸ ಹೋಗುತ್ತಿದ್ದವರು ಯಾರು ಎಂಬುದು ಒಂದೆರಡು ಸರದಿಯಾದ ಮೇಲೆ ತಿಳಿಯಿತು. ಮಕ್ಕಳೆಲ್ಲ ಹೋದ ಮೇಲೆ ಚಂದು ಮೆಲ್ಲಗೆ ಬಂದು ನನ್ನ ಕಂಬಳಿ ಸರಿಸಿದಳು. ಅಂಗೈಯನ್ನಲ್ಲ, ಮುಂಗೈಯನ್ನು ತಿರುಗಿಸಿ ನನ್ನ ಕುತ್ತಿಗೆಗೆ ಇಟ್ಟಳು. ಆಮೇಲೆ ಅದೇ ಕೈಯನ್ನು ತನ್ನ ಕುತ್ತಿಗೆಗೆ ಇಟ್ಟು ನೋಡಿದಳು. ಮತ್ತೆ ನನ್ನದಕ್ಕೆ. ಎರಡನ್ನೂ ತೂಗಿ ನೋಡಿದವಳಂತೆ ತಲೆಯಾಡಿಸಿ, “ಸುಳ್ಳು ಕರಡಿ,” ಎಂದಳು. ನಾನು ಅಲುಗಾಡದೆ ಮಲಗಿದ್ದೆ. ಜ್ವರ ನೋಡುವಾಗ ಹಾಗೆ ಮುಂಗೈ ಇಟ್ಟು, ತನ್ನ ಕುತ್ತಿಗೆಯ ಜೊತೆ ತಾಳೆ ನೋಡುತ್ತಿದ್ದುದು ಗಿರಿಜೆ. ನಾನು ಯಾವತ್ತೂ ಹಾಗೆ ನೋಡಿದವನಲ್ಲ. ನನ್ನದು ಹಣೆಗೆ ಅಂಗೈ ಒತ್ತಿ ಗಾಬರಿಯಾಗುವ ಕ್ರಮ. ಅಂದರೆ ಇದನ್ನು ಮಗುವಿಗೆ ನಾನು ಕಲಿಸಿದ್ದಲ್ಲ.

ಅಲ್ಲಿಂದ ಮುಂದೆ ಅವಳು ನನ್ನನ್ನು ನೋಡಿಕೊಂಡ ರೀತಿಗೆ ನಾನು ಇವತ್ತಿಗೂ ಬೆರಗಾಗುತ್ತೇನೆ. ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ನೀರಿನಲ್ಲಿ ಕಾಲುಪಾಲು ಬಟ್ಟೆಗೆ, ಉಳಿದದ್ದು ನನ್ನ ಕಿವಿಗೆ. ಗಂಜಿ ಉಣ್ಣಿಸುತ್ತಿದ್ದಳು, ಚಮಚ ಹೆಚ್ಚಾಗಿ ಬಾಯಿಯನ್ನೇ ತಲುಪುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಔಷಧದ ಕೆಲಸ. ಆಸ್ಪತ್ರೆಯ ಕಂಪೌಂಡರು ಕೊಟ್ಟ ಕ್ವಿನೈನಿನ ಸೀಸೆ ಗೂಡಿನಲ್ಲಿತ್ತು. ಅದರ ಮೈಗೆ ಒಂದೊಂದು ಸಲಕ್ಕೆ ಎಷ್ಟೆಂದು ಗುರುತು ಮಾಡಿದ ಕಾಗದದ ಪಟ್ಟಿ ಅಂಟಿಸಿತ್ತು. ಅದನ್ನು ಕುಡಿದವರಿಗೇ ಗೊತ್ತು ಅದರ ಕಹಿ. ಹಾಗಲಕಾಯಿ ಅದರ ಎದುರು ಪಾಯಸ. ನಾನು ಸೀಸೆ ಹಿಡಿದು ಮುಖ ಕಿವುಚಿ ಕುಳಿತಿದ್ದಾಗ ಚಂದು ಸೊಂಟಕ್ಕೆ ಕೈಯಿಟ್ಟು ನಿಂತು ಹೇಳಿದಳು: “ನಾಲಗೆಗೆ ಹೇಳ್ಬಾರ್ದು ಅಪ್ಪ. ಅದು ಮಲಗಿರುವಾಗ ಕುಡೀಬೇಕು. ಕಣ್ಣು ಮುಚ್ಚಿ. ಹಾಂ, ನಾಲಗೆ ಮಲಗಿತಾ? ಮಲಗಿತು, ಮಲಗಿತು. ಈಗ ಬೇಗ!” ನಾನು ಬೇಗ ಕುಡಿದೆ. ಕುಡಿದು ಕಣ್ಣು ತೆರೆಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಆ ಮಾತು ಒಂದಕ್ಷರ ಬಿಡದೆ ಗಿರಿಜೆಯದು. ಎರಡು ವರ್ಷದ ಚಂದುವನ್ನು ತೊಡೆಯ ಮೇಲೆ ಮಲಗಿಸಿ ಹರಳೆಣ್ಣೆ ಕುಡಿಸುವಾಗ ಹೇಳುತ್ತಿದ್ದುದು. ಹೇಳುವಾಗ ಬರುವ ಆ ಸಣ್ಣ ಅವಸರ, ಕೊನೆಯ “ಬೇಗ” ಎಂಬಲ್ಲಿ ಏರುವ ದನಿ, ಅದೂ ಅವಳದೇ. ಮಗು ತಾಯಿಯನ್ನು ಮರೆತಿದೆ ಎಂದು ನಾನು ಇಷ್ಟು ಕಾಲ ನಂಬಿದ್ದೆ. ಅವಳು ಏನನ್ನೂ ಮರೆತಿರಲಿಲ್ಲ. ಬಳಸಲು ಒಂದು ಸಂದರ್ಭ ಸಿಕ್ಕಿರಲಿಲ್ಲ ಅಷ್ಟೆ.

“ಔಷಧ ಕಹಿ ಉಂಟಾ ಅಪ್ಪ?” ಎಂದು ಕೇಳಿದಳು, ನನ್ನ ಕಣ್ಣು ನೋಡಿ.

“ಹೌದು ಮಗಾ, ತುಂಬ ಕಹಿ,” ಎಂದೆ.

ಆದರೆ ಆದಿತ್ಯವಾರ ಹತ್ತಿರ ಬರುತ್ತಿತ್ತು. ಲೆಕ್ಕ ಹಾಕಿದರೆ ಅಂದೇ ಕರಡಿಯ ಸರದಿ. ಮೊದಲ ಆದಿತ್ಯವಾರ ಪುಣ್ಯಕ್ಕೆ ಕರಡಿಯ ರಜೆಯ ದಿನವೇ ಬಿದ್ದು ಪಾರಾಗಿದ್ದೆ. ಈ ಸಲ ಅಷ್ಟು ಪುಣ್ಯ ಉಳಿದಿರಲಿಲ್ಲ. ಆದರೂ ಧೈರ್ಯವಿತ್ತು. ಭಾವ ಬರುವುದು ಬೆಳಿಗ್ಗೆ, ಹೊರಡುವುದು ಊಟವಾದ ಕೂಡಲೇ. ಚಳಿ ಬರುವುದು ಅದರ ನಂತರ. ನಡುವೆ ಒಂದು ಎಲೆ ಅಡಿಕೆ ಜಗಿಯುವಷ್ಟು ಸಮಯ ಉಳಿಯುತ್ತಿತ್ತು. ಚಂದುವನ್ನು ಕೂರಿಸಿ, “ಮಾವ ಬಂದಾಗ ಅಪ್ಪನಿಗೆ ಜ್ವರ ಅಂತ ಹೇಳ್ಬಾರ್ದು, ಆಯ್ತಾ?” ಎಂದೆ. ಎಷ್ಟೋ ಕಾಲದ ಮೇಲೆ ಆ ಶಬ್ದವನ್ನು ಮನೆಯೊಳಗೆ ಆಡಿದ್ದೆ. “ಹೇಳುದಿಲ್ಲ,” ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದಳು. ಆದಿತ್ಯವಾರ ಬೆಳಿಗ್ಗೆ ಎದ್ದು ನಾನು ಕ್ಷೌರ ಮಾಡಿಕೊಂಡೆ, ಒಗೆದ ಪಂಚೆ ಉಟ್ಟೆ, ಕೆನ್ನೆಯನ್ನು ತಿಕ್ಕಿ ಕೆಂಪು ಮಾಡಿಕೊಂಡೆ, ಜಗಲಿಯ ಕುರ್ಚಿಯಲ್ಲಿ ಆರೋಗ್ಯದ ಜಾಹೀರಾತಿನ ಹಾಗೆ ಕುಳಿತೆ.

ಬಂದದ್ದು ಗಾಡಿ. ಗಾಡಿಯಿಂದ ಭಾವನವರ ಹಿಂದೆ ಅತ್ತೆಯವರೂ ಇಳಿದರು. ಹೊಸ ಅಕ್ಕಿ ಊಟಕ್ಕೆ ಮೊಮ್ಮಗಳನ್ನು ಕರೆಯಲು ತಾವೇ ಬಂದಿದ್ದರು. “ಎಂತ ಭಾವ, ಸಪೂರ ಆಗಿದ್ದೀರಿ?” ಎಂದರು ತ್ಯಾಂಪಣ್ಣ ಭಾವ. ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಎಂದೆ. ಊಟವಾಯಿತು. ಭಾವ ಎಲೆ ಅಡಿಕೆ ಹಾಕಿದರು. ಏಳಲಿಲ್ಲ. ಅತ್ತೆಯವರಿಗೆ ಗಾಡಿಯ ಕುಲುಕಾಟಕ್ಕೆ ಸೊಂಟ ನೋವಂತೆ. ಬಿಸಿಲು ಇಳಿದ ಮೇಲೆ ಹೊರಡುವುದಂತೆ. ಭಾವ ಆರಾಮವಾಗಿ ಕಾಲು ಚಾಚಿ ಕಾವೂರಿನ ಕೆರೆಯ ನೀರು, ಈ ವರ್ಷದ ಭತ್ತ, ಎತ್ತಿನ ಗೊರಸು ಎಲ್ಲವನ್ನೂ ಒಂದೊಂದಾಗಿ ತೆಗೆದರು. ನನ್ನ ಬೆನ್ನಲ್ಲಿ ಮೊದಲ ತಣ್ಣನೆಯ ಬೆರಳು ಓಡಿತು. ನಾನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದೆ. ಕುರ್ಚಿಯೇ ಅಲುಗತೊಡಗಿತು.

“ಕುರ್ಚಿಯ ಕಾಲು ಸಡಿಲ ಉಂಟಾ ಎಂತ?” ಎಂದು ಭಾವ ಬಗ್ಗಿ ನೋಡಿದರು.

“ಹ್-ಹೌದು. ಆಚಾರಿಗೆ ಹ್-ಹೇಳಬೇಕು.”

ಅಷ್ಟರಲ್ಲಿ ಒಳಗಿನಿಂದ ಚಂದು ಬಂದಳು. ಕಂಬಳಿಯನ್ನು ನೆಲದ ಮೇಲೆ ಎಳೆದುಕೊಂಡು ಬಂದು, ಮಾವನ ಎದುರು ನಿಂತು, ಆಣೆಯನ್ನು ಅಕ್ಷರಶಃ ಪಾಲಿಸಿದಳು. “ಮಾವ, ಅಪ್ಪನಿಗೆ ಜ್ವರ ಇಲ್ಲ. ಇಲ್ಲವೇ ಇಲ್ಲ. ಈಗ ಕರಡಿ ಬರ್ತದೆ. ನೀವು ಸ್ವಲ್ಪ ಆಚೆ ಕೂತ್ಕೊಳ್ಳಿ, ಅದಕ್ಕೆ ಜಾಗ ಬೇಕು. ಅಜ್ಜೀ, ಬನ್ನಿ ಬೇಗ, ಶುರು ಆಗ್ತದೆ!” ಎಂದು ಕೂಗಿ, ಕಂಬಳಿಯನ್ನು ನನ್ನ ತಲೆಯ ಮೇಲೆ ಹಾಕಿದಳು.

ಕರಡಿ ಬಂತು. ಹಿಂದೆಂದೂ ಬಾರದಷ್ಟು ಚೆನ್ನಾಗಿ ಬಂತು.

ಕಂಬಳಿಯೊಳಗಿನ ಕತ್ತಲೆಯಲ್ಲಿ ನಾನು, ಮುಗಿಯಿತು, ಮಗು ಹೋಯಿತು ಎಂದುಕೊಳ್ಳುತ್ತ ನಡುಗುತ್ತಿದ್ದೆ. ಯಾರೋ ಕಂಬಳಿ ಸರಿಸಿದರು. ಅಳಿಯನ ಎದುರು ನಿಂತು ನೇರವಾಗಿ ಮಾತನ್ನೂ ಆಡದ ನಮ್ಮ ಅತ್ತೆಯವರು ಎದುರಲ್ಲಿ ಬಗ್ಗಿದ್ದರು. ಮುಂಗೈ ತಿರುಗಿಸಿ ನನ್ನ ಕುತ್ತಿಗೆಗೆ ಇಟ್ಟರು. ಆಮೇಲೆ ಅದನ್ನೇ ತಮ್ಮ ಕುತ್ತಿಗೆಗೆ. ಆ ಕೈ ಗಿರಿಜೆಗೆ ಎಲ್ಲಿಂದ ಬಂದಿತ್ತೆಂದು ನನಗೆ ಆಗ ಗೊತ್ತಾಯಿತು. ಪಕ್ಕದಲ್ಲೇ ನಿಂತಿದ್ದ ಚಂದು, ಒಬ್ಬ ವೈದ್ಯರು ಇನ್ನೊಬ್ಬರನ್ನು ಕೇಳುವ ಹಾಗೆ, “ಬಿಸಿ ಉಂಟಲ್ಲ ಅಜ್ಜಿ?” ಎಂದಳು.

“ಉಂಟು ಮಗಾ,” ಎಂದರು ಅತ್ತೆಯವರು. ಆಮೇಲೆ ಮಗನ ಕಡೆ ತಿರುಗಿ, “ತ್ಯಾಂಪಾ, ಮಗುವಿನ ಬಟ್ಟೆ ಕಟ್ಟು. ನಾವು ಹೊರಡುವ,” ಎಂದರು. ಮಾತು ಗಡುಸಾಗಿರಲಿಲ್ಲ. ಗಡುಸಾಗಿದ್ದರೆ ನಾನು ಏನಾದರೂ ಹೇಳುತ್ತಿದ್ದೆನೇನೋ.

ಭಾವ ನನ್ನ ಮುಖ ನೋಡಲಾರದೆ ಒಳಗೆ ಹೋಗಿ ಚಂದುವಿನ ಬಟ್ಟೆಗಳನ್ನು ಒಂದು ಸೀರೆಯ ಮೇಲೆ ಹರಡಿದರು. ಚಂದುವಿಗೆ ಉತ್ಸಾಹವೋ ಉತ್ಸಾಹ. ಗೂಡಿನಿಂದ ಕ್ವಿನೈನಿನ ಸೀಸೆ ತಂದು ಗಂಟಿಗೆ ಹಾಕಿದಳು. ನನ್ನ ಕನ್ನಡಕ ಹಾಕಿದಳು. ನನ್ನ ಎರಡು ಪಂಚೆ, ಕ್ಷೌರದ ಬ್ರಷ್ಷು, ಒಂದು ಚಪ್ಪಲಿ ಹಾಕಿದಳು. ಕೊಡೆಯನ್ನು ತಂದಾಗ ಭಾವ ತಡೆದರು.

“ಇದೆಲ್ಲ ಎಂತಕ್ಕೆ ಮಗಾ? ಇದು ಅಪ್ಪನದ್ದು.”

“ಅಪ್ಪ ಬರ್ತಾರಲ್ಲ.”

“ಅಪ್ಪ ಅಲ್ಲಿ ಇರ್ಲಿಕ್ಕೆ ಆಗುದಿಲ್ಲ ಮಗಾ. ಅಪ್ಪ ಆ ಮನೆಯವರಲ್ಲ.”

ಚಂದು ಕೊಡೆ ಹಿಡಿದುಕೊಂಡೇ ಯೋಚಿಸಿದಳು. ಆಮೇಲೆ ಹೊರಗೆ ಬಂದು ಅಜ್ಜಿಯ ಎದುರು ನಿಂತಳು. “ಅಜ್ಜಿ, ಕಾವೂರಿನ ಮನೆ ಯಾರದ್ದು?”

ಹುಟ್ಟಿದ ದಿನದಿಂದ ಅತ್ತೆಯವರು ಆ ಮಗುವನ್ನು ಎತ್ತಿಕೊಂಡಾಗಲೆಲ್ಲ ಆಡಿದ ಮುದ್ದಿನ ಮಾತು ಅದು. ಉತ್ತರ ಅವರ ಬಾಯಿಯಿಂದ ತಾನಾಗಿ ಹೊರಟಿತು: “ನಿನ್ನದು ಮಗಾ. ಇನ್ಯಾರದ್ದು?”

“ಹಾಗಾದ್ರೆ ನನ್ನ ಮನೆಗೆ ಅಪ್ಪ ಬರ್ತಾರೆ,” ಎಂದಳು ಚಂದು. “ಅವರಿಗೆ ಔಷಧ ಕುಡೀಲಿಕ್ಕೆ ಗೊತ್ತಾಗುದಿಲ್ಲ. ನಾಲಗೆ ಮಲಗಿಸ್ಲಿಕ್ಕೆ ನಾನು ಬೇಕು.”

ಅತ್ತೆಯವರು “ನಾಲಗೆ ಮಲಗಿಸುದು,” ಎಂದು ಮೆಲ್ಲಗೆ ತಮಗೆ ತಾವೇ ಹೇಳಿಕೊಂಡು, ಸೆರಗಿನಿಂದ ಮುಖ ಒರಸಿಕೊಂಡರು. ಆಮೇಲೆ ಗಟ್ಟಿಯಾಗಿ ಹೇಳಿದರು: “ತ್ಯಾಂಪಾ, ಗಾಡಿಗೆ ಹುಲ್ಲು ದಪ್ಪ ಹಾಸು. ಮನುಷ್ಯ ಮಲಗಬೇಕು.”

“ಅಮ್ಮ, ಜನ ಎಂತ ಹೇಳ್ತಾರೆ? ಅಳಿಯ ಬಂದು ಅತ್ತೆಮನೆಯಲ್ಲಿ...”

“ಜನರಿಗೆ ಗದ್ದೆಯಲ್ಲಿ ಕೆಲಸ ಇಲ್ವಾ? ಮನೆಯ ಯಜಮಾನ್ತಿ ಹೇಳಿ ಆಯ್ತು. ನಾನು ಯಾರು, ನೀನು ಯಾರು? ಆ ಇನ್ನೊಂದು ಚಪ್ಪಲಿ ಹುಡುಕು.”

ಹೀಗೆ ನಾನು ನಾಲ್ಕು ವರ್ಷದ ಯಜಮಾನ್ತಿಯ ಸಾಮಾನುಗಳಲ್ಲಿ ಒಂದಾಗಿ, ಕೊಡೆಯ ಪಕ್ಕದಲ್ಲಿ, ಹುಲ್ಲಿನ ಮೇಲೆ ಮಲಗಿ ಕಾವೂರಿಗೆ ಬಂದೆ. ಮಗುವನ್ನು ನನ್ನಿಂದ ಕಸಿದುಕೊಳ್ಳುತ್ತದೆ ಎಂದು ನಾನು ಹೆದರಿದ್ದ ಕಟ್ಟಳೆಯೇ ನನ್ನನ್ನು ಎತ್ತಿ ಗಾಡಿಗೆ ಹಾಕಿತ್ತು. ದಾರಿಯುದ್ದಕ್ಕೂ ಅತ್ತೆಯವರು ಮುಖ ಆಚೆ ತಿರುಗಿಸಿಕೊಂಡು, ಅಳಿಯನೆಂಬ ಮರ್ಯಾದೆಗೆ ಚ್ಯುತಿ ಬಾರದ ಹಾಗೆ, ನನ್ನ ಹಣೆಯ ಬಟ್ಟೆಯನ್ನು ಬದಲಾಯಿಸುತ್ತಿದ್ದರು. ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದಲ್ಲಿ ಯಾರೋ “ಎಂತ ತ್ಯಾಂಪಣ್ಣ, ಗಾಡಿಯಲ್ಲಿ ಎಂತ?” ಎಂದು ಕೇಳಿದರು. ಭಾವ ಉತ್ತರ ಹುಡುಕುವ ಮೊದಲೇ ಚಂದು, “ಕರಡಿ,” ಎಂದಳು. ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿದರಂತೆ.

ಕಾವೂರಿನ ನೀರೋ, ಅತ್ತೆಯವರ ಕಷಾಯವೋ, ನಾಲಗೆ ಮಲಗಿಸುವ ವಿದ್ಯೆಯೋ, ಜ್ವರ ಬಿಟ್ಟಿತು. ನಾನು ಇನ್ನು ಪಡೀಲಿಗೆ ಹೊರಡುತ್ತೇನೆಂದು ಹೇಳಿದಾಗ ಅತ್ತೆಯವರು ಬಾಗಿಲ ಮರೆಯಿಂದ ಮಗನಿಗೆ, “ಯಜಮಾನ್ತಿಯನ್ನು ಕೇಳಲಿ,” ಎಂದರು. ಕೇಳಿದೆ. ಅಪ್ಪಣೆಯಾಗಲಿಲ್ಲ. ಈಗಲೂ ಆಗಿಲ್ಲ. ಬಾಡಿಗೆ ಮನೆಯ ಬೀಗದ ಕೈ ಹಿಂದೆ ಕೊಟ್ಟೆ. ಪೌಲಿನ್ ಬಾಯಿ ಎರಡು ಹಲಸಿನ ಹಪ್ಪಳದ ಕಟ್ಟು ಕೊಟ್ಟು, ಸುಳ್ಳು ಹೇಳುವ ಕಷ್ಟ ತಪ್ಪಿಸಿದ್ದಕ್ಕೆ ದೇವರನ್ನು ಸ್ತುತಿಸಿದರು. ನಾನು ಇಲ್ಲಿಂದಲೇ ಸೈಕಲ್ಲಿನಲ್ಲಿ ಕಾರ್ಖಾನೆಗೆ ಹೋಗಿಬರುತ್ತೇನೆ. ಹೆಡ್ ಗುಮಾಸ್ತರಿಗೆ ನನ್ನ ಜ್ವರದ ಕಥೆ ಹೇಳಿದೆ. ಇಂಥ ಜ್ವರ ತಮಗೆ ಒಮ್ಮೆಯೂ ಬಂದಿಲ್ಲವೆಂದು ಅವರು ಒಪ್ಪಿಕೊಂಡರು.

ಕೆಲವು ಸಂಜೆ ಚಂದು ಕಂಬಳಿ ತಂದು ಮುಂದೆ ಹಾಕುತ್ತಾಳೆ. ಜ್ವರ ಇದ್ದಾಗ ಇಲ್ಲವೆಂದು ನಟಿಸಿ ಸೋತವನು ನಾನು. ಈಗ ಇಲ್ಲದ ಜ್ವರ ಇದೆಯೆಂದು ನಟಿಸಬೇಕು. ಒಳಗೆ ಸೇರಿ ಮನಸ್ಸಿಟ್ಟು ನಡುಗುತ್ತೇನೆ. ಸ್ವಲ್ಪ ಹೊತ್ತು ನೋಡಿ, ಕಂಬಳಿ ಸರಿಸಿ, ಮುಂಗೈಯನ್ನು ನನ್ನ ಕುತ್ತಿಗೆಗೆ ಇಡುತ್ತಾಳೆ, ತನ್ನದಕ್ಕೆ ಇಡುತ್ತಾಳೆ, ಮತ್ತೆ ನನ್ನದಕ್ಕೆ. “ಸುಳ್ಳು ಕರಡಿ,” ಎನ್ನುತ್ತಾಳೆ. ಆಗಲೂ ಈಗಲೂ ಒಂದೇ ತೀರ್ಪು. ನನ್ನ ನಟನೆ ಅಷ್ಟಕ್ಕಷ್ಟೇ ಎಂದು ನಾನೂ ಒಪ್ಪುತ್ತೇನೆ. ಆದರೆ ಬಿಸಿ ಇಲ್ಲವೆಂದು ಗೊತ್ತಾದ ಮೇಲೂ ಅವಳು ಆ ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟಿರುತ್ತಾಳೆ. ಅಷ್ಟು ಹೊತ್ತು ನಾನು ನಡುಗುವುದನ್ನು ಬಿಟ್ಟು, ಕರಡಿಗೆ ತಕ್ಕುದಲ್ಲದಷ್ಟು ಸುಮ್ಮನೆ ಮಲಗಿರುತ್ತೇನೆ.